ಹೆದರಿಸುವ ಮೊದಲು ಎಚ್ಚರಿಸಿದ ಪದ: ಯುರೋಪಿನ ಭಾಷೆಗಳಲ್ಲಿ ಮಾನ್‌ಸ್ಟರ್

ನೆದರ್‌ಲ್ಯಾಂಡ್ಸಿನ ಆಸ್ಪತ್ರೆಯಲ್ಲಿ ತಪಾಸಣೆಗೆಂದು ರಕ್ತ ಕೊಟ್ಟರೆ, ಆ ಪುಟ್ಟ ಶೀಶೆಯಲ್ಲಿರುವುದನ್ನು ಡಚ್ ಭಾಷೆಯಲ್ಲಿ 'ಬ್ಲೂಟ್‌ಮೊನ್ಸ್ಟರ್' ಎನ್ನುತ್ತಾರೆ. ಕಾಲುವೆಯ ನೀರನ್ನು ಪರೀಕ್ಷೆಗೆ ಮೊಗೆದರೆ ಅದು 'ವಾಟರ್‌ಮೊನ್ಸ್ಟರ್'. ಐಂಡ್‌ಹೋವನ್ನಿಗೋ ಆಮ್‌ಸ್ಟರ್‌ಡ್ಯಾಮಿಗೋ ಕೆಲಸಕ್ಕೆ ಹೋದ ಕನ್ನಡಿಗರು ಮೊದಲ ಸಲ ಈ ಪದ ಕಂಡು ಬೆಚ್ಚಿದರೆ ಆಶ್ಚರ್ಯವಿಲ್ಲ. ಇಲ್ಲಿ ಮೊನ್ಸ್ಟರ್ ಅಂದರೆ ಮಾದರಿ, ಸ್ಯಾಂಪಲ್ಲು. ಮಕ್ಕಳ ಕಥೆಯಲ್ಲಿ ಹಾಸಿಗೆಯಡಿ ಅಡಗಿರುವ ಭಯಾನಕ ಪ್ರಾಣಿಗೂ ಡಚ್ಚರು ಇದೇ ಪದ ಬಳಸುತ್ತಾರೆ. ಸ್ವೀಡನ್ನಿನಲ್ಲಿ ಉಚ್ಚಾರ ತುಸು ಬದಲಾಗಿ, ಉಣ್ಣೆಯ ಸ್ವೆಟರಿನ ಮೇಲೆ ಹೆಣೆದ ವಿನ್ಯಾಸಕ್ಕೆ 'ಮ್ಯೊನ್ಸ್ಟರ್' ಎಂಬ ಹೆಸರು. ಜರ್ಮನ್ನರ 'ಮುಸ್ಟರ್' ಕೂಡ ಮಾದರಿಯೇ, ವಿನ್ಯಾಸವೇ.

ರಕ್ತದ ಸ್ಯಾಂಪಲ್ಲಿಗೂ ರಕ್ತ ಹೀರುವ ಭೂತಕ್ಕೂ ಒಂದೇ ಹೆಸರು ಬಂದದ್ದು ಆಕಸ್ಮಿಕವಲ್ಲ. ಎರಡೂ ಒಂದೇ ಲ್ಯಾಟಿನ್ ಪದದ ಮಕ್ಕಳು. ಆ ತಾಯಿ ಪದ 'ಮೋನ್‌ಸ್ತ್ರುಮ್'.

ಲ್ಯಾಟಿನ್ನಿನಲ್ಲಿ 'ಮೊನೇರೆ' ಎಂದರೆ ನೆನಪಿಸು, ಎಚ್ಚರಿಸು. ಅದರಿಂದ ಬಂದ ಮೋನ್‌ಸ್ತ್ರುಮ್‌ಗೆ ಮೂಲದಲ್ಲಿ ಇದ್ದ ಅರ್ಥ 'ಎಚ್ಚರಿಕೆ', ದೇವತೆಗಳು ಕಳಿಸಿದ ಮುನ್ಸೂಚನೆ. ಆ ನಾಮಪದದಿಂದಲೇ ಮುಂದೆ 'ಮೋನ್‌ಸ್ತ್ರಾರೆ' ಎಂಬ ಕ್ರಿಯಾಪದ ಹುಟ್ಟಿತು. ಅದರ ಅರ್ಥ ತೋರಿಸು. ಈ ಅನುಕ್ರಮ ಗಮನಿಸಬೇಕು. ಶಕುನದ ಪದ ಮೊದಲು ಬಂತು, ತೋರಿಸುವ ಪದ ಅದರ ಹಿಂದೆ. ಇಂದು ಇಟಲಿ, ಸ್ಪೇನು, ಫ್ರಾನ್ಸುಗಳಲ್ಲಿ ಅಂಗಡಿಯವನು ಬಟ್ಟೆ ತೋರಿಸುವಾಗ, ಮೇಷ್ಟರು ಲೆಕ್ಕ ಮಾಡಿ ತೋರಿಸುವಾಗ ಆಡುವ ದಿನಬಳಕೆಯ ಕ್ರಿಯಾಪದದ ಹೊಟ್ಟೆಯೊಳಗೆ ಒಂದು ಅಪಶಕುನ ಕೂತಿದೆ. ಸ್ಪ್ಯಾನಿಶ್ಶಿನ 'ಮುಎಸ್ತ್ರಾ' ಅಂದರೆ ಸ್ಯಾಂಪಲ್ಲು. ಫ್ರೆಂಚಿನ 'ಮೋಂತ್ರ್' ಅಂದರೆ ಹೊತ್ತು ತೋರಿಸುವ ಕೈಗಡಿಯಾರ. ಸೈನಿಕರನ್ನು ಸಾಲಾಗಿ ನಿಲ್ಲಿಸಿ ಲೆಕ್ಕ ತೋರಿಸುವ ಇಂಗ್ಲಿಷಿನ 'ಮಸ್ಟರ್' ಕೂಡ ಇದೇ ಬಳಗ. ನಮ್ಮ ಕಾಮಗಾರಿ ಕಚೇರಿಗಳ 'ಮಸ್ಟರ್ ರೋಲ್' ಅಲ್ಲಿಂದಲೇ ಬಂದದ್ದು. ಕೂಲಿಯ ಹಾಜರಿಪಟ್ಟಿಗೂ ಮಾನ್‌ಸ್ಟರಿಗೂ ಹೀಗೆ ರಕ್ತಸಂಬಂಧವಿದೆ.

ಇನ್ನೂ ಒಂದು ಮೆಟ್ಟಿಲು ಕೆಳಗಿಳಿದರೆ ನಾವೇ ಎದುರಾಗುತ್ತೇವೆ. ಮೊನೇರೆ ಎಂಬುದು 'ಯೋಚಿಸುವಂತೆ ಮಾಡು' ಎಂಬ ಪ್ರೇರಣಾರ್ಥಕ ರೂಪ. ಅದರ ಬೇರು, ಯೋಚನೆಯನ್ನು ಸೂಚಿಸುವ 'ಮೆನ್' ಎಂಬ ಪ್ರಾಚೀನ ಇಂಡೋ-ಯುರೋಪಿಯನ್ ಧಾತು. ಸಂಸ್ಕೃತದ ಮನಸ್, ಮತಿ, ಮಂತ್ರ ಎಲ್ಲವೂ ಆ ಬೇರಿನವು. ಅವೆಲ್ಲ ಕನ್ನಡಕ್ಕೂ ಬಂದಿವೆ. ಮಾನ್‌ಸ್ಟರ್ ಎಂಬ ಪದಕ್ಕೆ ಹಲ್ಲು, ಉಗುರು, ಕೊಂಬು ಯಾವುದರ ಜೊತೆಗೂ ನಂಟಿಲ್ಲ. ಅದರ ನಂಟೆಲ್ಲ ಮನಸ್ಸಿನೊಂದಿಗೆ.

ಈ ಎಚ್ಚರಿಕೆ ರೋಮಿನಲ್ಲಿ ಹೇಗೆ ಕೆಲಸ ಮಾಡುತ್ತಿತ್ತು ಎಂಬುದನ್ನು ಸ್ವಲ್ಪ ವಿವರವಾಗಿ ನೋಡಬೇಕು, ಏಕೆಂದರೆ ಮುಂದಿನ ಎಲ್ಲ ಅರ್ಥಗಳೂ ಅಲ್ಲಿಂದ ಕವಲೊಡೆದಿವೆ. ರೋಮನ್ ಗಣರಾಜ್ಯದಲ್ಲಿ ಶಕುನ ಸರ್ಕಾರಿ ವ್ಯವಹಾರ. ಎಲ್ಲೋ ಕಲ್ಲಿನ ಮಳೆ ಬಿತ್ತು, ದೇವಾಲಯಕ್ಕೆ ಸಿಡಿಲು ಬಡಿಯಿತು, ಎರಡು ತಲೆಯ ಕರು ಹುಟ್ಟಿತು ಎಂದರೆ ಸುದ್ದಿ ಮುಖ್ಯಾಧಿಕಾರಿಯಾದ ಕಾನ್ಸುಲ್ ಮೂಲಕ ಸೆನೆಟ್ಟಿಗೆ ಹೋಗುತ್ತಿತ್ತು. ಅದನ್ನು ರಾಜ್ಯಕ್ಕೆ ಸಂಬಂಧಿಸಿದ ಸೂಚನೆ ಎಂದು ಒಪ್ಪಬೇಕೋ ಬೇಡವೋ ಎಂದು ಸೆನೆಟ್ ತೀರ್ಮಾನಿಸುತ್ತಿತ್ತು. ಖಾಸಗಿ ಜಾಗದಲ್ಲಿ ನಡೆಯಿತೆಂದು, ಪರರಾಜ್ಯದಲ್ಲಿ ಕಂಡಿತೆಂದು ತಳ್ಳಿಹಾಕಿದ ಉದಾಹರಣೆಗಳನ್ನು ಇತಿಹಾಸಕಾರ ಲಿವಿ ದಾಖಲಿಸಿದ್ದಾನೆ. ಒಪ್ಪಿದರೆ ಸಿಬಿಲ್ಲ ಎಂಬ ಕಣಿಗಾರ್ತಿಯದೆನ್ನಲಾದ ಗ್ರಂಥಗಳನ್ನು ತೆರೆಸಿ ನೋಡುತ್ತಿದ್ದರು, ಅಥವಾ ಎಟ್ರೂರಿಯಾದಿಂದ ಶಕುನಜ್ಞರನ್ನು ಕರೆಸುತ್ತಿದ್ದರು. ಅವರು ಹೇಳಿದ ಶಾಂತಿಯನ್ನು ಸರ್ಕಾರಿ ಖರ್ಚಿನಲ್ಲೇ ಮಾಡಿಸುತ್ತಿದ್ದರು.

ಒಂದು ಉದಾಹರಣೆ ನೋಡಿ. ಕ್ರಿಸ್ತಪೂರ್ವ 207ರಲ್ಲಿ ರೋಮಿನ ಶತ್ರು, ಕಾರ್ಥೇಜಿನ ಸೇನಾಪತಿ ಹ್ಯಾನಿಬಲ್ ಇಟಲಿಯೊಳಗೇ ಬೀಡುಬಿಟ್ಟಿದ್ದ. ಅವನ ತಮ್ಮ ಹ್ಯಾಸ್ಡ್ರುಬಲ್ ಸೈನ್ಯ ಸಮೇತ ಆಲ್ಪ್ಸ್ ದಾಟಿ ಬರುತ್ತಿದ್ದ. ಊರಿಗೆ ಊರೇ ಭಯದಲ್ಲಿದ್ದ ಆ ವರ್ಷ ರೋಮಿನ ಆಗ್ನೇಯಕ್ಕಿರುವ ಫ್ರುಸಿನೋ ಊರಿನಲ್ಲಿ, ಇಂದಿನ ಫ್ರೊಸಿನೋನೆಯಲ್ಲಿ, ಒಂದು ಮಗು ಹುಟ್ಟಿತು. ಲಿವಿ ಹೇಳುವಂತೆ ಅದು ನಾಲ್ಕು ವರ್ಷದ ಮಗುವಿನಷ್ಟು ದೊಡ್ಡದಿತ್ತು. ಗಂಡೋ ಹೆಣ್ಣೋ ಸ್ಪಷ್ಟವಿರಲಿಲ್ಲ. ಎಟ್ರೂರಿಯಾದಿಂದ ಬಂದ ಶಕುನಜ್ಞರು ಇದು ಹೊಲಸು ಶಕುನ, ರೋಮಿನ ನೆಲ ಸೋಕದಂತೆ ಕಡಲಾಳದಲ್ಲಿ ಮುಳುಗಿಸಬೇಕು ಎಂದರು. ಜೀವಂತ ಮಗುವನ್ನು ಪೆಟ್ಟಿಗೆಯಲ್ಲಿಟ್ಟು ದೂರ ಕಡಲಿಗೆ ಒಯ್ದು ಎಸೆದರು. ಆಮೇಲೆ 27 ಕನ್ಯೆಯರು ಹಾಡುತ್ತ ನಗರದಲ್ಲಿ ನಡೆಯಬೇಕೆಂದು ಅಪ್ಪಣೆಯಾಯಿತು. ಹಾಡು ಕಟ್ಟಿಕೊಟ್ಟವನು ಕವಿ ಲಿವಿಯುಸ್ ಆಂಡ್ರೊನಿಕುಸ್, ಲ್ಯಾಟಿನ್ ಸಾಹಿತ್ಯದ ಆದಿಕವಿ ಎನ್ನಿಸಿಕೊಂಡವನು. ಅಪೊಲೊ ದೇಗುಲದಿಂದ ಹೊರಟ ಮೆರವಣಿಗೆಯ ಮುಂದೆ ಎರಡು ಬಿಳಿ ಹಸುಗಳು, ಅವುಗಳ ಹಿಂದೆ ಸೈಪ್ರೆಸ್ ಮರದಲ್ಲಿ ಕೆತ್ತಿದ ಯೂನೋ ದೇವಿಯ ಎರಡು ಪ್ರತಿಮೆಗಳು.

ಆ ಮಗುವಿಗೆ ಲಿವಿಯ ಪುಟಗಳಲ್ಲಿ ಹೆಸರೂ ಇಲ್ಲ, ತಾಯಿಯ ಸುದ್ದಿಯೂ ಇಲ್ಲ. ನನಗೆ ಈ ಪದದ ಇತಿಹಾಸದಲ್ಲಿ ಅತ್ಯಂತ ಕ್ರೂರವಾಗಿ ಕಾಣುವುದು ಈ ಜಾಗ. ಒಂದು ಕೂಸನ್ನು ದೇವರ ಓಲೆ ಎಂದು ಓದಲು ಹೊರಟರೆ ಕೂಸು ಕಣ್ಣಿಗೆ ಬೀಳುವುದೇ ಇಲ್ಲ. ಹಾಗೆಂದು ಎಲ್ಲ ರೋಮನ್ನರೂ ಇದನ್ನು ನಂಬಿದ್ದರು ಎನ್ನಲಾಗದು. ವಾಗ್ಮಿ ಸಿಸೆರೋ ಕ್ರಿಸ್ತಪೂರ್ವ 44ರಲ್ಲಿ ಮುಗಿಸಿದ ಶಕುನ ಕುರಿತ ಗ್ರಂಥದ ಮೊದಲ ಭಾಗದಲ್ಲಿ, ಇಂಥವು ಭವಿಷ್ಯವನ್ನು ತೋರಿಸುವುದರಿಂದಲೇ ಅವಕ್ಕೆ ಆ ಹೆಸರು ಬಂತು ಎಂಬ ವಾದವಿದೆ. ಎರಡನೆಯ ಭಾಗದಲ್ಲಿ ಅವನೇ ಅದನ್ನು ಕೆಡಹುತ್ತಾನೆ. ಹುಟ್ಟಿದ್ದಕ್ಕೆಲ್ಲ ಪ್ರಕೃತಿಯಲ್ಲಿ ಕಾರಣವಿದ್ದೇ ಇರಬೇಕು. ವಾಡಿಕೆಗೆ ಹೊರತಾದದ್ದು ಇರಬಹುದು, ಪ್ರಕೃತಿಗೆ ಹೊರತಾದದ್ದು ಇರಲಾರದು ಎಂಬುದು ಅವನ ಖಚಿತ ನಿಲುವು.

ಕನ್ನಡದಲ್ಲಿ ರೋಮನ್ ಮೋನ್‌ಸ್ತ್ರುಮ್‌ಗೆ ಅತಿ ಹತ್ತಿರದ ಪದ ಯಾವುದು? ನಾವು ಸಾಮಾನ್ಯವಾಗಿ ರಾಕ್ಷಸ ಎಂದು ಅನುವಾದಿಸಿ ಕೈತೊಳೆದುಕೊಳ್ಳುತ್ತೇವೆ. ಆದರೆ ರಾಕ್ಷಸರಿಗೆ ಕುಲವಿದೆ, ವಂಶಾವಳಿಯಿದೆ, ನಗರವಿದೆ, ವಿದ್ಯೆಯಿದೆ. ರಾವಣ ವೇದ ಓದಿದವನು. ಮಾನ್‌ಸ್ಟರಿಗೆ ಕುಲವೇ ಇಲ್ಲ, ಅದು ಒಂಟಿ ಘಟನೆ. 'ಉತ್ಪಾತ' ಎಂಬುದೇ ಅದಕ್ಕೆ ಸರಿಯಾಗಿ ಕೂರುವ ಮಾತು. ಆರನೆಯ ಶತಮಾನದ ವರಾಹಮಿಹಿರ ಬೃಹತ್ಸಂಹಿತೆಯಲ್ಲಿ ಉತ್ಪಾತಗಳನ್ನು ದಿವ್ಯ, ಆಂತರಿಕ್ಷ, ಭೌಮ ಎಂದು ವಿಂಗಡಿಸುತ್ತಾನೆ, ವಿಕೃತ ಪ್ರಸವಗಳನ್ನೂ ಅಲ್ಲೇ ಚರ್ಚಿಸುತ್ತಾನೆ, ಶಾಂತಿಯ ವಿಧಾನವನ್ನೂ ಹೇಳುತ್ತಾನೆ. ರೋಮಿನ ಸೆನೆಟರನೊಬ್ಬ ಅದನ್ನು ಓದಿದ್ದರೆ ಸಲೀಸಾಗಿ ಅರ್ಥವಾಗುತ್ತಿತ್ತು.

ಇನ್ನು ಪದ ಹರಿದು ಬಂದ ದಾರಿ. ಇಟಾಲಿಯನ್ನಿನಲ್ಲಿ 'ಮೋಸ್ತ್ರೊ', ಸ್ಪ್ಯಾನಿಶ್ಶಿನಲ್ಲಿ 'ಮೋನ್‌ಸ್ತ್ರುಓ', ಪೋರ್ಚುಗೀಸಿನಲ್ಲಿ 'ಮೋಂಶ್ತ್ರು', ಫ್ರೆಂಚಿನಲ್ಲಿ 'ಮೋಂಸ್ತ್ರ್', ರುಮೇನಿಯನ್ನಿನಲ್ಲಿ 'ಮೋನ್‌ಸ್ತ್ರು'. ನೋಡಲು ಎಲ್ಲ ಒಂದೇ ತರಹ. ಆದರೆ ಇವುಗಳಲ್ಲಿ ಕೆಲವು ಜನರ ಬಾಯಲ್ಲಿ ಸವೆದು ಬಂದವು, ಕೆಲವು ಪಂಡಿತರು ಪುಸ್ತಕದಿಂದ ಎತ್ತಿಕೊಂಡವು. ಯಾವುದು ಯಾವುದೆಂದು ಗುರುತಿಸುವ ವಿದ್ಯೆ ಕನ್ನಡಿಗರಿಗೆ ಹೊಸದಲ್ಲ. ರಾಕ್ಷಸ ತತ್ಸಮ, ರಕ್ಕಸ ತದ್ಭವ ಎಂದು ಶಾಲೆಯಲ್ಲೇ ಓದಿದ್ದೇವೆ. ಕೇಶಿರಾಜ 13ನೇ ಶತಮಾನದಲ್ಲೇ ಶಬ್ದಮಣಿದರ್ಪಣದಲ್ಲಿ ಅಪಭ್ರಂಶಕ್ಕೆಂದು ಒಂದು ಪ್ರಕರಣವನ್ನೇ ಇಟ್ಟಿದ್ದಾನೆ. ಯುರೋಪಿನಲ್ಲೂ ಇದೇ ಲೆಕ್ಕ.

ಸೂತ್ರ ಸರಳ. ಆಡುಮಾತಿನ ಲ್ಯಾಟಿನ್ನಿನಲ್ಲಿ ಸಕಾರದ ಹಿಂದಿನ ನಕಾರ ಬಹಳ ಬೇಗ ಉದುರಿಹೋಯಿತು. ತಿಂಗಳಿಗೆ ಇದ್ದ 'ಮೆನ್ಸಿಸ್' ಸ್ಪ್ಯಾನಿಶ್ಶಿನಲ್ಲಿ 'ಮೆಸ್', ಇಟಾಲಿಯನ್ನಿನಲ್ಲಿ 'ಮೇಸೆ' ಆಯಿತು. ಮದುವಣಗಿತ್ತಿಗೆ ಇದ್ದ 'ಸ್ಪೋನ್ಸಾ' ಒಂದೆಡೆ 'ಎಸ್ಪೋಸಾ', ಇನ್ನೊಂದೆಡೆ 'ಸ್ಪೋಸಾ' ಆದಳು. ಆದ್ದರಿಂದ ನಕಾರ ಕಳೆದುಕೊಂಡ ಇಟಾಲಿಯನ್ ಮೋಸ್ತ್ರೊ ತದ್ಭವ. ನಕಾರ ಉಳಿಸಿಕೊಂಡ ಸ್ಪ್ಯಾನಿಶ್ ಮೋನ್‌ಸ್ತ್ರುಓ ಪಂಡಿತರ ಮನೆಯದು. ಅದೇ ಸ್ಪ್ಯಾನಿಶ್ಶಿನಲ್ಲಿ ತೋರಿಸು ಎಂಬುದಕ್ಕೆ 'ಮೋಸ್ತ್ರಾರ್', ಅಲ್ಲಿ ನಕಾರವಿಲ್ಲ. ದಿನಾ ಬಳಸಿದ ಕ್ರಿಯಾಪದ ಸವೆಯಿತು, ಅಪರೂಪದ ನಾಮಪದ ಮಸುಕಾಗಲಿಲ್ಲ. ಫ್ರೆಂಚಿಗೆ ಇನ್ನೊಂದು ಪರೀಕ್ಷೆಯೂ ಇದೆ. ಅಲ್ಲಿ ವ್ಯಂಜನದ ಹಿಂದಿನ ಸಕಾರವೂ ಬಿದ್ದುಹೋಗುತ್ತದೆ. ಆಸ್ಪತ್ರೆ ಅಲ್ಲಿ 'ಒಪಿತಾಲ್'. ತೋರಿಸು ಎಂಬ 'ಮೋಂತ್ರೆ'ಯಲ್ಲಿ ಸಕಾರ ಬಿದ್ದಿದೆ, ಭೂತದ 'ಮೋಂಸ್ತ್ರ್'ನಲ್ಲಿ ಇನ್ನೂ ನಿಂತಿದೆ. ಹೀಗೆ ಒಂದು ಅಕ್ಷರ ಕೇಳಿಸಿಕೊಂಡೇ ಪದದ ಚರಿತ್ರೆ ಹೇಳಬಹುದು.

ಇಟಲಿಯಲ್ಲಿ ಇದು ಅದೆಷ್ಟು ಹತ್ತಿರ ಬಂತೆಂದರೆ 'ಮೋಸ್ತ್ರೊ' ಎಂದರೆ ಭೂತವೂ ಹೌದು, 'ನಾನು ತೋರಿಸುತ್ತೇನೆ' ಎಂಬ ಕ್ರಿಯಾಪದವೂ ಹೌದು. ಕೊನೆಯ ಸ್ವರ ಬದಲಿಸಿ 'ಮೋಸ್ತ್ರಾ' ಎಂದರೆ ಪ್ರದರ್ಶನ. 1932ರಲ್ಲಿ ಶುರುವಾದ ವೆನಿಸ್ ಚಿತ್ರೋತ್ಸವದ ಅಧಿಕೃತ ಹೆಸರು ಆರಂಭವಾಗುವುದೇ ಮೋಸ್ತ್ರಾ ಎಂದು.

ಸ್ಪೇನಿನವರು ಇದೇ ಪದವನ್ನು ಹೊಗಳಿಕೆಗೂ ತಿರುಗಿಸಿದರು. ಸೆರ್ವಾಂತೆಸ್ 1615ರಲ್ಲಿ ತನ್ನ ಪ್ರತಿಸ್ಪರ್ಧಿ ನಾಟಕಕಾರ ಲೋಪೆ ದೆ ವೇಗನನ್ನು ಪ್ರಕೃತಿಯ ಮೋನ್‌ಸ್ತ್ರುಓ ಎಂದು ಕರೆದ. ಅಷ್ಟೊಂದು ನಾಟಕಗಳನ್ನು ಒಬ್ಬ ಮನುಷ್ಯ ಬರೆಯಲು ಸಾಧ್ಯವೇ ಎಂಬ ಬೆರಗು ಅದು. ಇವತ್ತಿಗೂ ಸ್ಪ್ಯಾನಿಶ್ ಮಾತಾಡುವವರು ಒಳ್ಳೆಯ ಆಟಗಾರನಿಗೆ 'ನೀನು ಮೋನ್‌ಸ್ತ್ರುಓ ಕಣೋ' ಎನ್ನುವುದುಂಟು. ನಾವು 'ರಾಕ್ಷಸ ಪ್ರತಿಭೆ' ಎಂದಂತೆ.

ಯುರೋಪು ತನ್ನ ಮಾನ್‌ಸ್ಟರುಗಳನ್ನು ಎಲ್ಲಿಟ್ಟುಕೊಂಡಿತ್ತು ಎಂದು ಹುಡುಕಿದರೆ, ಬಹುಪಾಲು ನಮ್ಮಲ್ಲೇ. ಪಾಟಲಿಪುತ್ರದಲ್ಲಿ ಚಂದ್ರಗುಪ್ತ ಮೌರ್ಯನ ಆಸ್ಥಾನ ಕಂಡಿದ್ದ ಮೆಗಸ್ತನೀಸ್, ಅವನಿಗೂ ಹಿಂದಿನ ಗ್ರೀಕ್ ಲೇಖಕ ಕ್ಟೀಸಿಯಸ್ ಇಬ್ಬರನ್ನೂ ಆಧರಿಸಿ ರೋಮಿನ ಪ್ಲಿನಿ ತನ್ನ ವಿಶ್ವಕೋಶದ ಏಳನೆಯ ಸಂಪುಟದಲ್ಲಿ ಭಾರತದ ವಿಚಿತ್ರ ಜನರನ್ನು ವರ್ಣಿಸಿದ. ನಾಯಿತಲೆಯ ಬೆಟ್ಟದ ಜನ, ಒಂಟಿ ದೊಡ್ಡ ಪಾದವನ್ನೇ ಎತ್ತಿ ಬಿಸಿಲಿಗೆ ಕೊಡೆ ಮಾಡಿಕೊಂಡು ಮಲಗುವವರು, ಗಂಗೆಯ ಮೂಲದಲ್ಲಿ ಬಾಯಿಯೇ ಇಲ್ಲದೆ ಬರೀ ಪರಿಮಳ ಮೂಸಿ ಬದುಕುವವರು. ಈ ಪಟ್ಟಿ ಒಂದೂವರೆ ಸಾವಿರ ವರ್ಷ ಯುರೋಪಿನ ಪುಸ್ತಕಗಳಲ್ಲಿ, ಭೂಪಟಗಳ ಅಂಚಿನಲ್ಲಿ ಉಳಿಯಿತು. ಸಂತ ಆಗಸ್ಟೀನ್ ಐದನೆಯ ಶತಮಾನದಲ್ಲಿ ಇದರ ಬಗ್ಗೆ ಹೇಳಿದ ಮಾತು ಗೌರವಕ್ಕೆ ಅರ್ಹ. ಇಂಥವರು ಇದ್ದಾರೆಂಬುದನ್ನೆಲ್ಲ ನಂಬಬೇಕಾಗಿಲ್ಲ; ಇದ್ದರೂ ವಿವೇಕವುಳ್ಳ ಮನುಷ್ಯರೇ ಆಗಿದ್ದರೆ ರೂಪ, ಬಣ್ಣ ಏನೇ ಇರಲಿ, ಅವರೂ ಆದಾಮನ ಸಂತಾನವೇ ಎಂಬುದು ಅವನ ತೀರ್ಪು. 1510ರಲ್ಲಿ ಪ್ರಕಟವಾದ ಪ್ರವಾಸ ಕಥನದಲ್ಲಿ ಇಟಲಿಯ ಲುದೊವಿಕೊ ದಿ ವರ್ತೆಮಾ ಕ್ಯಾಲಿಕಟ್ ಅರಸನ ಪೂಜಾಗೃಹದ ಮೂರ್ತಿಯನ್ನು ಸೈತಾನನ ಹಾಗೆ ವರ್ಣಿಸಿದ. ಓದಿದ ಚಿತ್ರಕಾರರು ತಮ್ಮ ಚರ್ಚಿನ ಸೈತಾನನನ್ನೇ ಬರೆದು ಭಾರತದ ದೇವರೆಂದು ಹಂಚಿದರು. ನಮ್ಮ ಶಿಲ್ಪಗಳನ್ನು ಯುರೋಪು ಮಾನ್‌ಸ್ಟರುಗಳಾಗಿ ನೋಡಿದ ಆ ದೀರ್ಘ ಕಥೆಯನ್ನು ಪಾರ್ಥ ಮಿತ್ತರ್ 1977ರ ತಮ್ಮ ಪುಸ್ತಕದಲ್ಲಿ ಎಳೆಎಳೆಯಾಗಿ ಬಿಡಿಸಿದ್ದಾರೆ.

ಲ್ಯಾಟಿನ್ ಮನೆತನದ ಹೊರಗೆ ಬಂದರೆ ಹೆಸರಿಡುವ ರೀತಿಯೇ ಬೇರೆ. ಜರ್ಮನ್ನಿನ 'ಉಂಗೆಹೊಯರ್' ಎಂಬುದರಲ್ಲಿ 'ಉನ್' ಎಂದರೆ ಅಲ್ಲ. 'ಗೆಹೊಯರ್' ಎಂದರೆ ಹಿಂದೆ ಮನೆಗೆ ಸೇರಿದ್ದು, ಪರಿಚಿತ, ಹಿತವಾದದ್ದು. ಮನೆಯದಲ್ಲದ್ದೇ ಉಂಗೆಹೊಯರ್. ಕಾಫ್ಕಾನ 1915ರ 'ರೂಪಾಂತರ' ಕಥೆಯ ಮೊದಲ ವಾಕ್ಯದಲ್ಲಿ ಗ್ರೆಗರ್ ಸಾಮ್ಸಾ ತನ್ನ ಹಾಸಿಗೆಯಲ್ಲಿ 'ಉಂಗೆತ್ಸೀಫರ್' ಆಗಿ ಏಳುತ್ತಾನೆ. ಅದರ ವಿಶೇಷಣವಾಗಿ ಉಂಗೆಹೊಯರ್ ಎಂಬುದೇ ಬಂದಿದೆ. ಉಂಗೆತ್ಸೀಫರ್‌ನ ಹಳೆಯ ಅರ್ಥ ಬಲಿಗೆ ಯೋಗ್ಯವಲ್ಲದ ಪ್ರಾಣಿ. ಒಂದರಲ್ಲಿ ಮನೆಗೆ ಸಲ್ಲದವನು, ಇನ್ನೊಂದರಲ್ಲಿ ದೇವರಿಗೂ ಸಲ್ಲದವನು. ಎರಡೂ ನಿರಾಕರಣೆಗಳು ಮೂಲದಲ್ಲಿ ಅಕ್ಕಪಕ್ಕ ಕೂತಿವೆ. ಅನುವಾದದಲ್ಲಿ 'ದೊಡ್ಡ ಜಿರಲೆ' ಎಂದುಬಿಟ್ಟರೆ ಎರಡೂ ಕೈತಪ್ಪುತ್ತವೆ. ಇಂಗ್ಲಿಷಿಗೆ ಮಾನ್‌ಸ್ಟರ್ ಬಂದದ್ದು ಫ್ರೆಂಚಿನಿಂದ. ಅದಕ್ಕೂ ಮೊದಲಿನ ಹಳೆಯ ಇಂಗ್ಲಿಷಿನ ಮಹಾಕಾವ್ಯ 'ಬೇವುಲ್ಫ್'ನಲ್ಲಿ ದುಷ್ಟ ಗ್ರೆಂಡೆಲ್‌ಗೆ ಬಳಸಿದ 'ಆಗ್ಲ್ಯಾಕ' ಎಂಬ ಪದವನ್ನೇ ಕವಿ ನಾಯಕನಿಗೂ ಬಳಸಿದ್ದಾನೆ. ಕೊಲ್ಲುವವನಿಗೂ ಸಾಯುವವನಿಗೂ ಒಂದೇ ಹೆಸರಿದ್ದ ಕಾಲವದು.

ರಷ್ಯನ್ನರ 'ಚುದೊವಿಶ್ಚೆ'ಯ ಬೇರು 'ಚೂದೊ', ಎಂದರೆ ಪವಾಡ, ವಿಸ್ಮಯ. ಕೊನೆಯ ಪ್ರತ್ಯಯ ದೊಡ್ಡದು ಎಂಬುದನ್ನು ಸೂಚಿಸುತ್ತದೆ. ಬಲ್ಗೇರಿಯನ್, ಸರ್ಬಿಯನ್ ಪದಗಳೂ ಇದರ ಸೋದರರು. ನಮಗೆ ಇದು ಬೇಗ ಹತ್ತಿರವಾಗುತ್ತದೆ. ಷಡ್ವಿಂಶ ಬ್ರಾಹ್ಮಣದ ಕೊನೆಯ ಭಾಗಕ್ಕೆ 'ಅದ್ಭುತ ಬ್ರಾಹ್ಮಣ' ಎಂಬ ಹೆಸರು. ಅಲ್ಲಿರುವುದು ಅಪಶಕುನಗಳ ಮತ್ತು ಅವುಗಳ ಶಾಂತಿಯ ವಿಚಾರ. ಈಗ ಊಟ ಚೆನ್ನಾಗಿದ್ದರೆ ಅದ್ಭುತ ಎನ್ನುವ ನಾವು ಆ ಹಳೆಯ ನಡುಕವನ್ನು ಮರೆತಿದ್ದೇವೆ. ಚೆಕ್ ಭಾಷೆಯ 'ನೆಟ್ವೊರ್' ಎಂದರೆ ಜೀವಿಯಲ್ಲದ್ದು. ತದ್ವಿರುದ್ಧ ತುರ್ಕಿಯವರದು. ಪರ್ಷಿಯನ್ನಿನ 'ಜಾನ್‌ವರ್', ಎಂದರೆ ಜೀವವುಳ್ಳದ್ದು, ಅಲ್ಲಿಗೆ ಹೋಗಿ 'ಜನವರ್' ಆಗಿ ಮಾನ್‌ಸ್ಟರ್ ಎಂಬ ಅರ್ಥ ಪಡೆಯಿತು. ವಾನ್ ಸರೋವರದಲ್ಲಿ ಇದೆಯೆಂದು ಹೇಳುವ ದೈತ್ಯಪ್ರಾಣಿಗೆ ಅವರು ಈ ಪದವನ್ನೇ ಬಳಸುತ್ತಾರೆ. ಅದೇ ಪರ್ಷಿಯನ್ ಪದ ಕನ್ನಡಕ್ಕೆ ಬಂದು ನಮ್ಮ ಕೊಟ್ಟಿಗೆಯ ಜಾನುವಾರು ಆಯಿತು.

ಗ್ರೀಕರ 'ತೇರಸ್' ರೋಮನ್ ಪದದ ಅವಳಿಯಂತಿದೆ. ಹೋಮರನಲ್ಲಿ ಅದು ಜ್ಯೂಸ್ ಕಳಿಸುವ ಸೂಚನೆ, ಆಮೇಲೆ ವಿಕಾರ ಜೀವಿ. ನಿಮ್ಮ ಹಾರ್ಡ್ ಡಿಸ್ಕಿನ ಮೇಲೆ ಬರೆದಿರುವ 'ಟೆರಾಬೈಟ್'ನಲ್ಲಿರುವ ಟೆರಾ ಅದೇ. ಹತ್ತರ ಹನ್ನೆರಡನೆಯ ಘಾತಕ್ಕೆ ಆ ಹೆಸರನ್ನು ತೂಕ-ಅಳತೆಗಳ ಅಂತರರಾಷ್ಟ್ರೀಯ ಮಹಾಸಭೆ 1960ರಲ್ಲಿ ಒಪ್ಪಿತು.

ವೈದ್ಯಶಾಸ್ತ್ರದಲ್ಲಿ ಈ ಪದ ಪಟ್ಟ ಪಾಡು ದೊಡ್ಡದು. 1523ರಲ್ಲಿ ಜರ್ಮನಿಯ ಧರ್ಮಸುಧಾರಕರಾದ ಲೂಥರ್ ಮತ್ತು ಮೆಲಾಂಕ್ಟನ್ ಸೇರಿ, ಸ್ಯಾಕ್ಸನಿಯಲ್ಲಿ ಹುಟ್ಟಿದ ವಿಕಾರ ಕರುವನ್ನೂ ಟೈಬರ್ ನದಿಯಲ್ಲಿ ಸಿಕ್ಕಿತೆನ್ನಲಾದ ಕತ್ತೆತಲೆಯ ಪ್ರಾಣಿಯನ್ನೂ ಪೋಪನ ಚರ್ಚಿನ ವಿರುದ್ಧ ದೇವರ ಸಾಕ್ಷಿಯೆಂದು ಕರಪತ್ರ ಹೊರಡಿಸಿದರು. ಹಳೆಯ ರೋಮನ್ ಓದುವಿಕೆ ಇನ್ನೂ ಜೀವಂತವಿತ್ತು. ಐವತ್ತು ವರ್ಷದ ಮೇಲೆ, 1573ರಲ್ಲಿ, ಫ್ರಾನ್ಸಿನ ಶಸ್ತ್ರವೈದ್ಯ ಆಂಬ್ರ್ವಾಜ್ ಪಾರೆ ವಿಕೃತ ಜನನದ ಕಾರಣಗಳನ್ನು ಪಟ್ಟಿ ಮಾಡಿದ. ಮೊದಲು ದೇವರ ಮಹಿಮೆ, ಆಮೇಲೆ ದೇವರ ಕೋಪ, ಅದಾದ ಮೇಲೆ ಗರ್ಭಕೋಶದ ಇಕ್ಕಟ್ಟಿನಂಥ ದೇಹದ ಕಾರಣಗಳು. ಪಟ್ಟಿಯ ತಲೆಯಲ್ಲಿ ದೇವರಿದ್ದರೂ ನಡುವೆ ವೈದ್ಯ ಕಾಲಿಟ್ಟಿದ್ದ. 1832ರಲ್ಲಿ ಇಸಿಡೋರ್ ಜೊಫ್ರ್ವಾ ಸೇಂಟ್-ಹಿಲೇರ್ ತನ್ನ ಬೃಹತ್ ಗ್ರಂಥದ ಮೊದಲ ಸಂಪುಟದೊಂದಿಗೆ ಈ ಅಧ್ಯಯನಕ್ಕೆ ತೇರಸ್‌ನಿಂದ 'ಟೆರಟಾಲಜಿ' ಎಂದು ಹೆಸರಿಟ್ಟ. ಅವನ ತಂದೆ ಎತಿಯೆನ್ ಕೋಳಿಮೊಟ್ಟೆಯ ಭ್ರೂಣಗಳ ಮೇಲೆ ಪ್ರಯೋಗ ನಡೆಸಿ, ಬೆಳವಣಿಗೆಗೆ ಅಡ್ಡಿಯಾದರೆ ಇಂಥ ಬದಲಾವಣೆ ಆಗುತ್ತದೆಂದು ತೋರಿಸಲು ಶ್ರಮಿಸಿದ್ದ. ಸಿಸೆರೋ ಹೇಳಿದ್ದ ಪ್ರಕೃತಿಯ ಕಾರಣವನ್ನು ಹುಡುಕಲು ಹೊರಟವರು ಇವರು. ಹಾಗಿದ್ದೂ ಅಂಟಿಕೊಂಡು ಹುಟ್ಟಿದ ಅವಳಿಗಳನ್ನು 'ಡಬಲ್ ಮಾನ್‌ಸ್ಟರ್' ಎಂದು ಕರೆಯುವ ಚಾಳಿ ವೈದ್ಯಕೀಯ ಬರಹಗಳಲ್ಲಿ 20ನೇ ಶತಮಾನದವರೆಗೂ ಉಳಿಯಿತು.

ಪದದ ಗ್ರೀಕ್ ರೂಪ ಈಗಲೂ ನಮ್ಮ ಆಸ್ಪತ್ರೆಗಳಲ್ಲಿದೆ. ಗರ್ಭಿಣಿ ತೆಗೆದುಕೊಂಡರೆ ಶಿಶುವಿನ ಅಂಗರಚನೆ ಕೆಡಿಸಬಲ್ಲ ಔಷಧಿ, ಸೋಂಕು, ಮದ್ಯ ಇವುಗಳಿಗೆ 'ಟೆರಾಟೋಜನ್' ಎನ್ನುತ್ತಾರೆ. ವಾಂತಿ ನಿಲ್ಲಲೆಂದು ಗರ್ಭಿಣಿಯರಿಗೆ ಕೊಟ್ಟ ಥಾಲಿಡೊಮೈಡ್ ಸಾವಿರಾರು ಮಕ್ಕಳ ಕೈಕಾಲು ಕಸಿದು, 1961ರಲ್ಲಿ ಮಾರುಕಟ್ಟೆಯಿಂದ ಹಿಂದಕ್ಕೆ ಹೋದ ಮೇಲೆ ಈ ಪದಕ್ಕೆ ಜಗತ್ತಿನಾದ್ಯಂತ ತೂಕ ಬಂತು. ಗರ್ಭಿಣಿಯರು ವೈದ್ಯರನ್ನು ಕೇಳದೆ ತಲೆನೋವಿನ ಮಾತ್ರೆಯನ್ನೂ ನುಂಗಬಾರದು ಎನ್ನುವುದರ ಹಿಂದೆ ಇರುವುದು ಇದೇ ಅನುಭವ.

ಇನ್ನೊಂದು ಪದ 'ಟೆರಾಟೋಮಾ'. ಹೊಟ್ಟೆನೋವೆಂದು ಸ್ಕ್ಯಾನಿಂಗ್ ಮಾಡಿಸಿದ ಹೆಣ್ಣುಮಕ್ಕಳ ವರದಿಯಲ್ಲಿ, ಅಂಡಾಶಯದ ಗಡ್ಡೆಯ ಹೆಸರಾಗಿ ಇದು ಕಾಣಿಸುತ್ತದೆ. ಅನೇಕ ಬಗೆಯ ಅಂಗಾಂಶವಾಗಬಲ್ಲ ಜೀವಕೋಶಗಳಿಂದ ಬೆಳೆಯುವುದರಿಂದ ಗಡ್ಡೆಯೊಳಗೆ ಕೂದಲು, ಕೊಬ್ಬು, ಕೆಲವೊಮ್ಮೆ ಹಲ್ಲು ಕೂಡ ಸಿಗುತ್ತದೆ. ಕಂಡವರಿಗೆ ಹಳೆಯ ಗ್ರೀಕ್ ಪದ ನೆನಪಾದದ್ದು ಅದಕ್ಕೇ. ಇಂಟರ್ನೆಟ್ಟಿನಲ್ಲಿ ಹುಡುಕಿ, ಮೂಲಾರ್ಥ ಓದಿ, ತನ್ನೊಳಗೆ ಏನೋ ಶಾಪ ಬೆಳೆಯುತ್ತಿದೆ ಎಂದು ಕಂಗಾಲಾಗಬೇಕಿಲ್ಲ. ಅಂಡಾಶಯದಲ್ಲಿ ಕಾಣುವ ಟೆರಾಟೋಮಾಗಳಲ್ಲಿ ಬಹುಪಾಲು 'ಮೆಚ್ಯೂರ್' ಬಗೆಯವು. ಡರ್ಮಾಯ್ಡ್ ಸಿಸ್ಟ್ ಎಂದು ವೈದ್ಯರು ಹೇಳುವುದು ಇದನ್ನೇ. ಅವು ಸಾಮಾನ್ಯವಾಗಿ ಕ್ಯಾನ್ಸರ್ ಅಲ್ಲ, ಶಸ್ತ್ರಚಿಕಿತ್ಸೆಯಿಂದ ತೆಗೆಯಬಹುದು. ವರದಿ ಕೈಗೆ ಬಂದಾಗ ವೈದ್ಯರಲ್ಲಿ ಮೊದಲು ಕೇಳಬೇಕಾದದ್ದು, ಇದು ಮೆಚ್ಯೂರ್ ಬಗೆಯದೇ, ಎಷ್ಟು ಸೆಂಟಿಮೀಟರ್ ಇದೆ, ಅಂಡಾಶಯ ತಿರುಚಿಕೊಳ್ಳುವ ಅಪಾಯವಿದೆಯೇ ಎಂದು.